ಷಾರ್ಲಮೇನನ ನಾಣ್ಯವೂ ಅದರ ಪ್ರತಿಕೃತಿಯೂ

ಅಂಗೈಯ ಮೇಲೆ ಎರಡು ಬಿಳಿಯ ಬಿಲ್ಲೆಗಳಿವೆಯೆಂದು ಭಾವಿಸೋಣ. ಎರಡರ ಮೇಲೂ ಎಲೆಗಳ ಮಾಲೆಯನ್ನು ಮುಡಿದ ಫ್ರಾಂಕರ ಸಾಮ್ರಾಟ ಷಾರ್ಲಮೇನನ ಮುಖ. ಸುತ್ತಲೂ ಲ್ಯಾಟಿನ್ ಬಿರುದು. ಒಂದು ಸಾವಿರದ ಇನ್ನೂರು ವರ್ಷಗಳ ಹಿಂದಿನದು. ಇನ್ನೊಂದು ಈಚೆಗೆ ಮಾಡಿದ ಪ್ರತಿಕೃತಿ. ಯಾವುದು ಯಾವುದೆಂದು ಅರಿಯುವುದು ಹೇಗೆ?

ಷಾರ್ಲಮೇನನು ಕ್ರಿ. ಶ. 768ರಿಂದ 814ರವರೆಗೆ ಆಳಿದನು. 793-94ರ ಸುಮಾರಿಗೆ ಅವನು ‘ದಿನಾರಿಯಸ್’ ಎಂಬ ಬೆಳ್ಳಿ ನಾಣ್ಯದ ತೂಕವನ್ನು ಸುಮಾರು 1.3 ಗ್ರಾಂನಿಂದ 1.7 ಗ್ರಾಂಗೆ ಏರಿಸಿದನು. ಒಂದು ಪೌಂಡಿಗೆ 240 ನಾಣ್ಯಗಳೆಂಬ ಲೆಕ್ಕವು ಬ್ರಿಟನ್ನಿನಲ್ಲಿ 1971ರವರೆಗೂ ಬಾಳಿತು. ಅವನ ಮುಖಚಿತ್ರವುಳ್ಳ ನಾಣ್ಯಗಳಾದರೋ ಆಳ್ವಿಕೆಯ ಕೊನೆಯ ವರ್ಷಗಳವು. ಉಳಿದಿರುವುವು ಅತಿ ವಿರಳ. ಪ್ರತಿಕೃತಿಗಳಿಗೆ ಬೇಡಿಕೆ ಹುಟ್ಟಲು ಇದೇ ಕಾರಣ.

ಅಂದಿನ ಟಂಕಸಾಲೆಯಲ್ಲಿ ಎರಡು ಅಚ್ಚುಗಳ ನಡುವೆ ಬೆಳ್ಳಿಯ ಬಿಲ್ಲೆಯನ್ನಿಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಪೆಟ್ಟು ಒಮ್ಮೆ ಅತ್ತ, ಒಮ್ಮೆ ಇತ್ತ ಸರಿಯುತ್ತಿದ್ದುದರಿಂದ ಯಾವ ಎರಡು ನಾಣ್ಯಗಳೂ ಪೂರ್ತಿ ಒಂದೇ ತೆರನಾಗಿರಲಿಲ್ಲ. ಲೋಹವನ್ನು ಕರಗಿಸಿ ಎರಕ ಹೊಯ್ದ ಪ್ರತಿಕೃತಿಗಳಲ್ಲಾದರೋ ಒಂದರ ಕುಂದು ಎಲ್ಲವುಗಳಲ್ಲಿಯೂ ಕಾಣುವುದು; ಮೈಮೇಲೆ ಗುಳ್ಳೆಗಳ ಸಣ್ಣ ಕುಳಿಗಳೂ ಅಂಚಿನಲ್ಲಿ ಬೆಸುಗೆಯಂತಹ ಗೆರೆಯೂ ಉಳಿಯುವುದುಂಟು.

ಕಣ್ಣು ಮೋಸಹೋದರೆ ಆರ್ಕಿಮಿಡೀಸನ ತತ್ತ್ವವಿದೆ. 1.7 ಗ್ರಾಂ ತೂಗುವ ಶುದ್ಧ ಬೆಳ್ಳಿಯನ್ನು ನೀರಿನಲ್ಲಿ ಮುಳುಗಿಸಿ ತೂಗಿದರೆ ಸುಮಾರು 0.16 ಗ್ರಾಂ ಕಡಮೆಯಾಗುವುದು. ಅಷ್ಟೇ ತೂಕದ ತವರವಾದರೆ 0.23 ಗ್ರಾಂ. ಸೂಕ್ಷ್ಮವಾದ ತಕ್ಕಡಿಯೊಂದಿದ್ದರೆ ಸಾಕು, ತವರದ ವೇಷ ಬಯಲಾಗುವುದು.

ಪ್ರತಿಕೃತಿಯೂ ಬೆಳ್ಳಿಯದೇ ಆಗಿದ್ದರೆ? ಆಗ ಲೋಹದ ಕಲ್ಮಷವೇ ಸಾಕ್ಷಿ. ಫ್ರಾನ್ಸಿನ ಮೆಲ್ ಎಂಬಲ್ಲಿ ಅಂದು ಸೀಸದ ಅದಿರಿನಿಂದ ಬೆಳ್ಳಿಯನ್ನು ತೆಗೆಯುತ್ತಿದ್ದರು. ಅಂತಹ ಹಳೆಯ ಬೆಳ್ಳಿಯಲ್ಲಿ ಸೀಸ, ಚಿನ್ನಗಳ ಲೇಶಗಳು ಉಳಿದುಬಿಡುತ್ತಿದ್ದುವು. ವಿದ್ಯುತ್ತಿನಿಂದ ಶೋಧಿಸಿದ ಇಂದಿನ ಬೆಳ್ಳಿಯಲ್ಲಿ ಅವು ಬಹುಮಟ್ಟಿಗೆ ಇಲ್ಲ. ಎಕ್ಸ್-ಕಿರಣವನ್ನು ಹಾಯಿಸಿದಾಗ ಪ್ರತಿಯೊಂದು ಧಾತುವೂ ತನ್ನದೇ ಆದ ಕಿರಣವನ್ನು ಹೊಮ್ಮಿಸಿ ತನ್ನ ಗುರುತನ್ನು ತಾನೇ ಹೇಳುವುದು. ಅತಿಯಾದ ಶುದ್ಧತೆಯೇ ಇಲ್ಲಿ ಸಂಶಯಕ್ಕೆ ಎಡೆಗೊಡುವುದೆಂಬುದು ವಿಚಿತ್ರವಲ್ಲವೆ?

ಪ್ರತಿಕೃತಿಯನ್ನು ಮಾಡುವುದು ತಪ್ಪಲ್ಲ. ಗಾಜಿನ ಪೆಟ್ಟಿಗೆಯಲ್ಲಿರುವ ನಾಣ್ಯವನ್ನು ವಿದ್ಯಾರ್ಥಿಯು ಮುಟ್ಟಲಾರನು. ಪ್ರತಿಕೃತಿಯನ್ನು ಕೈಯಲ್ಲಿ ಹಿಡಿದು ನೋಡಬಲ್ಲನು. ಆದರೆ ಅದು ತಾನು ನಕಲೆಂದು ಹೇಳಿಕೊಳ್ಳಬೇಕು. ಅಮೆರಿಕದಲ್ಲಿ ಇಂತಹ ನಾಣ್ಯಗಳ ಮೇಲೆ ‘ನಕಲು’ ಎಂಬರ್ಥದ ಪದವಿರಬೇಕೆಂದು 1973ರಲ್ಲಿ ಕಾನೂನಾಯಿತು. ವಿರಳವಾದ ನಾಣ್ಯಗಳ ಗುಂಪಿಗೆ ಗುರುತಿಲ್ಲದ ನಕಲೊಂದು ನುಸುಳಿದರೂ, ಅವನ್ನು ನಂಬಿ ಬರೆದ ಚರಿತ್ರೆಯೇ ದಾರಿತಪ್ಪುವುದು. ಕೊಂಡವನ ಹಣವೊಂದೇ ಅಲ್ಲ, ಎಲ್ಲರಿಗೂ ಸೇರಿದ ಸತ್ಯವೂ ಅಲ್ಲಿ ನಷ್ಟವಾಗುವುದು.