ವೈಪರ್ ಕೆಟ್ಟಿಲ್ಲ, ಜಾಗ ತಪ್ಪಿದೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ವಿಜಯನಗರ ಜಿಲ್ಲೆಯ ಈ ಐದೂ ತಾಲ್ಲೂಕುಗಳಲ್ಲಿ ಕಾರಿನ ವೈಪರಿಗೆ ವರ್ಷದ ಬಹುಪಾಲು ರಜೆ. ಮಳೆಯೇ ಕಡಿಮೆ ಇರುವ ಸೀಮೆಯಲ್ಲಿ ಅದರ ತೋಳು ಎರಡು ಬೆರಳು ಮೇಲೆ ನಿಂತರೇನು, ಕೆಳಗೆ ನಿಂತರೇನು ಎನ್ನುವವರಿದ್ದಾರೆ. ಲೆಕ್ಕ ಇರುವುದು ಅದರ ತದ್ವಿರುದ್ಧ. ಮಲೆನಾಡಿನ ಜಡಿಮಳೆ ಗಾಜನ್ನು ತಾನೇ ತೊಳೆದುಬಿಡುತ್ತದೆ. ಇಲ್ಲಿ ಮೈಲಾರ, ಕೊಟ್ಟೂರಿನ ಜಾತ್ರೆಗಳ ಕಾಲದಿಂದ ಕೂತ ಧೂಳಿನ ಮೇಲೆ ಬೇಸಿಗೆಯ ನಾಲ್ಕು ಹನಿ ಬಿದ್ದರೆ ಗಾಜೆಲ್ಲ ರಾಡಿ. ಆಗ ಒರೆಸದೆ ಉಳಿದ ಪಟ್ಟಿಯ ಹಿಂದೆ ಬೈಕೊಂದು ಪೂರ್ತಿ ಮರೆಯಾಗಬಹುದು.

ವೈಪರ್ ಸರಿಯಾಗಿ ಒರೆಸದಿದ್ದರೆ ನಮ್ಮ ಕೈ ಮೊದಲು ಹೋಗುವುದು ಹೊಸ ಬ್ಲೇಡಿಗೆ, ಅನುಮಾನ ಹೋಗುವುದು ಮೋಟಾರಿನ ಮೇಲೆ. ಅದಕ್ಕೂ ಮೊದಲು ತೋಳು ಕೂತ ಜಾಗ ನೋಡಬೇಕು. ತೋಳಿನ ಬುಡ ಸಣ್ಣ ಹಲ್ಲುಗಳಿರುವ ಒಂದು ದಂಡದ ಮೇಲೆ ಕೂತಿರುತ್ತದೆ, ಅದನ್ನು ಬಿಗಿಹಿಡಿದಿರುವುದು ಒಂದೇ ನಟ್. ಅಲ್ಲಿ 1 ಡಿಗ್ರಿ ತಪ್ಪಿದರೆ 50 ಸೆಂ.ಮೀ. ಆಚೆಯ ತುದಿಯಲ್ಲಿ ಸುಮಾರು 9 ಮಿ.ಮೀ. ವ್ಯತ್ಯಾಸ. ವೈಪರ್ ಎಷ್ಟು ಅಗಲ ಬೀಸಬೇಕೆಂಬುದನ್ನು ಒಳಗಿನ ಸರಳುಗಳು ತೀರ್ಮಾನಿಸುತ್ತವೆ. ಎಲ್ಲಿಂದ ಎಲ್ಲಿಗೆ ಎಂಬುದಷ್ಟೇ ತೋಳಿನ ಕೂರುವಿಕೆಗೆ ಬಿಟ್ಟದ್ದು. ಹಾಗಾಗಿ ಕೆಳಗಿನ ಕೊನೆಯಲ್ಲಿ ಎಷ್ಟು ಮೇಲೆ ನಿಂತಿತೋ, ಮೇಲಿನ ಕೊನೆಯಲ್ಲಿ ಅಷ್ಟೇ ಮುಂದೆ ಹೋಗಿ ಚೌಕಟ್ಟಿಗೆ ಟಕಟಕ ಬಡಿಯುತ್ತದೆ. ಎರಡೂ ಕೊನೆ ಒಂದೇ ಕಡೆಗೆ ಸರಿದಿದ್ದರೆ ತಪ್ಪು ಇಲ್ಲೇ ಎಂದು ಬಹುಮಟ್ಟಿಗೆ ಹೇಳಬಹುದು.

ಇಕ್ಕಳದಲ್ಲಿ ಒಂದಿಷ್ಟು ಬಗ್ಗಿಸಿದರೆ ಸಾಲದೇ? ಸಾಲದು. ಬ್ಲೇಡು ಗಾಜಿನ ಮೇಲೆ ಕುಣಿಯುತ್ತಿದ್ದರೆ ತೋಳನ್ನು ಕೊಂಚ ತಿರುಚುವುದುಂಟು, ಅದು ರಬ್ಬರಿನ ಓರೆ ತಿದ್ದುವ ಉಪಾಯ. ನಿಲ್ಲುವ ಜಾಗ ಅದರಿಂದ ಬದಲಾಗದು. ಸರಿಯಾದ ದಾರಿಯೇನೂ ಕಷ್ಟದ್ದಲ್ಲ. ಗಾಜು ತೊಳೆದು, ವೈಪರನ್ನು ಓಡಿಸಿ, ಅದರ ಸ್ವಿಚ್ಚಿನಿಂದಲೇ ನಿಲ್ಲಿಸಬೇಕು. ಕೀಲಿ ತಿರುಗಿಸಿ ನಿಲ್ಲಿಸಿದರೆ ನಡುದಾರಿಯಲ್ಲೇ ನಿಂತೀತು. ಬುಡದ ಪ್ಲಾಸ್ಟಿಕ್ ಮುಚ್ಚಳ ತೆಗೆದು, ನಟ್ ಸಡಿಲಿಸಿ, ತೋಳನ್ನು ಅತ್ತಿತ್ತ ಅಲುಗಿಸಿ ಬಿಡಿಸಿ. ಸುತ್ತಿಗೆಯಂತೂ ಬೇಡ. ಹಲ್ಲುಗಳ ನಡುವೆ ಗಟ್ಟಿಯಾದ ಕೆಮ್ಮಣ್ಣನ್ನು ಬ್ರಷ್ಷಿನಿಂದ ತೆಗೆದು, ಕಂಪನಿಯವರು ಗಾಜಿನ ಅಂಚಿಗೆ ಗುರುತು ಕೊಟ್ಟಿದ್ದರೆ ಅದಕ್ಕೆ ಸರಿಯಾಗಿ ಕೂರಿಸಿ, ನಟ್ ಬಿಗಿ ಮಾಡಿ, ನೀರು ಹಾಕಿ ಓಡಿಸಿ ನೋಡಬೇಕು. ಒಣ ಗಾಜಿನ ಮೇಲೆ ಪರೀಕ್ಷಿಸಿದರೆ ಮರಳು ಗೀರುತ್ತದೆ. ಬ್ಲೇಡಿಲ್ಲದ ತೋಳು ಸ್ಪ್ರಿಂಗಿನ ರಭಸಕ್ಕೆ ಗಾಜಿಗೆ ಬಡಿದರೆ ಗಾಜೇ ಸೀಳಬಹುದು, ಅಡಿಗೊಂದು ಬಟ್ಟೆ ಇರಲಿ.

ಮೋಟಾರಿನ ಸದ್ದು ಕೇಳುತ್ತದೆ, ಒಂದು ತೋಳು ಮಾತ್ರ ಕದಲುವುದಿಲ್ಲ ಎನ್ನುವ ದೂರಿಗೂ ಹಲವು ಸಲ ಸಡಿಲಾದ ನಟ್ಟೇ ಕಾರಣ. ಕೆಲವೊಮ್ಮೆ ಹಲ್ಲುಗಳೇ ಸವೆದಿರುತ್ತವೆ, ಆಗ ಬಿಗಿಮಾಡಿ ಪ್ರಯೋಜನವಿಲ್ಲ, ತೋಳನ್ನೇ ಬದಲಿಸಬೇಕು. ಎರಡೂ ಕೊನೆಗಳಲ್ಲಿ ಹದ್ದು ಮೀರಿ ಬೀಸುತ್ತಿದ್ದರೆ ಮಾತ್ರ ಒಳಗಿನ ಸರಳುಗಳ ಬುಷ್ ಸವೆದಿದೆ ಎಂದು ಶಂಕಿಸಬಹುದು. ಅದು ಗ್ಯಾರೇಜಿನವರ ಕೆಲಸ.