ಹಾಲು ಬಿಡಿಸಿದರೆ ಮಾತು ಬರುವುದೇ?

ಎರಡೂವರೆ ವರ್ಷದ ಮಗು ಹೆಸರು ಹಿಡಿದು ಕರೆದರೂ ತಿರುಗಿ ನೋಡುವುದಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ. ಆಟಿಸಂ ಇರಬಹುದು ಎಂದು ಯಾರೋ ಅಂದ ದಿನವೇ ಮೊಬೈಲಿನಲ್ಲಿ ಸಲಹೆ ಬಂದಿರುತ್ತದೆ: ಗೋಧಿ ಬಿಡಿಸಿ, ಹಾಲು ಬಿಡಿಸಿ, ಈ ಪುಡಿ ಕೊಡಿ.

ಕರ್ನಾಟಕ-ಆಂಧ್ರ ಗಡಿಯ ಬೊಮ್ಮನಹಾಳ್ ಕಡೆಯ ಮನೆಗಳಲ್ಲಿ ಈ ಸಲಹೆಯ ಅರ್ಧಕ್ಕೆ ಕೆಲಸವೇ ಇಲ್ಲ. ಬಳ್ಳಾರಿ, ರಾಯದುರ್ಗದ ಸೀಮೆಯಲ್ಲಿ ಉಣ್ಣುವುದು ಜೋಳದ ರೊಟ್ಟಿ, ರಾಗಿಮುದ್ದೆ, ಅನ್ನ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಇವ್ಯಾವುದರಲ್ಲೂ ಇಲ್ಲ. 'ಗ್ಲುಟೆನ್ ರಹಿತ' ಎಂದು ಬರೆದ ದುಬಾರಿ ಹಿಟ್ಟನ್ನು ಕೊಳ್ಳುವ ಅಗತ್ಯ ಇಲ್ಲಿ ಯಾರಿಗೂ ಇಲ್ಲ.

ಹಾಲಿನ ಮಾತು ಬೇರೆ. ಅದನ್ನು ಬಿಡಿಸಿದರೆ ನಷ್ಟವಿದೆ. ಗೋಧಿ ಮತ್ತು ಹಾಲಿನ ಪ್ರೋಟೀನುಗಳು ಪೂರ್ತಿ ಜೀರ್ಣವಾಗದೆ, ಕರುಳಿನಿಂದ ಸೋರಿ, ಮಿದುಳಿನ ಮೇಲೆ ಅಫೀಮಿನಂತೆ ಕೆಲಸ ಮಾಡುತ್ತವೆ ಎಂಬ ಊಹೆಯೇ ಈ ಸಲಹೆಯ ಮೂಲ; ಅದು ಬಹಳ ಹಳೆಯದು. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಸುಸಾನ್ ಹೈಮನ್ ಇದನ್ನು ಪರೀಕ್ಷೆಗೊಡ್ಡಿದರು. ಆಟಿಸಂ ಇದ್ದ 14 ಪುಟ್ಟ ಮಕ್ಕಳಿಗೆ ಮೊದಲು ನಾಲ್ಕರಿಂದ ಆರು ವಾರ ಗೋಧಿ, ಹಾಲು ಎರಡನ್ನೂ ನಿಲ್ಲಿಸಿದರು. ಆಮೇಲೆ ಗೋಧಿ, ಹಾಲು ಸೇರಿದ ತಿಂಡಿಯನ್ನೂ ಸೇರದ ತಿಂಡಿಯನ್ನೂ ಗುಟ್ಟಾಗಿ ಬದಲಿಸುತ್ತ ಕೊಟ್ಟರು. ಯಾವ ತಿಂಡಿಯಲ್ಲಿ ಏನಿದೆ ಎಂದು ತಾಯಿತಂದೆಗೂ ಗೊತ್ತಿರಲಿಲ್ಲ. ನಡವಳಿಕೆ, ನಿದ್ದೆ, ಹೊಟ್ಟೆ ಯಾವುದರಲ್ಲೂ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗ ಚಿಕ್ಕದು, ಆದರೆ ಕಟ್ಟುನಿಟ್ಟಾದದ್ದು. 2008ರ ಇನ್ನೊಂದು ಅಧ್ಯಯನವು ಆಟಿಸಂ ಇದ್ದ ಹುಡುಗರಲ್ಲಿ ಹಾಲು ಬಿಡಿಸಿದವರ ಮೂಳೆಯೇ ಹೆಚ್ಚು ತೆಳುವಾಗಿದ್ದುದನ್ನು ಕಂಡಿತು. ಹಾಲು ಕುಡಿದರೆ ಭೇದಿಯಾಗುವ ಮಗುವಿದ್ದರೆ ಅದನ್ನು ವೈದ್ಯರು ನೋಡಿ ಹೇಳಲಿ. ಉಳಿದ ಮಕ್ಕಳ ಬಟ್ಟಲಿನಿಂದ ಹಾಲು ಮೊಸರು ಕಸಿಯಬೇಡಿ.

'ನಮ್ಮ ಮಗುವಿಗೆ ಗುಣ ಕಂಡಿತು' ಎನ್ನುವವರು ಸುಳ್ಳು ಹೇಳುತ್ತಿಲ್ಲ. 1999ರಲ್ಲಿ ಆಟಿಸಂಗೆಂದು ಸೆಕ್ರೆಟಿನ್ ಎಂಬ ಹಾರ್ಮೋನಿನ ಇಂಜೆಕ್ಷನ್ ಪರೀಕ್ಷಿಸಿದಾಗ, ಬರೀ ಉಪ್ಪುನೀರು ಹಾಕಿಸಿಕೊಂಡ ಮಕ್ಕಳಲ್ಲೂ ಅಷ್ಟೇ ಸುಧಾರಣೆ ಕಂಡಿತ್ತು. ಮಗು ತನ್ನಷ್ಟಕ್ಕೆ ಬೆಳೆಯುತ್ತಿರುತ್ತದೆ, ಹೆತ್ತವರ ಕಣ್ಣು ಆಸೆಯಿಂದ ಕಾಯುತ್ತಿರುತ್ತದೆ.

ವಿಟಮಿನ್ ಪುಡಿ, ಸಿರಪ್ಪುಗಳ ವಿಷಯದಲ್ಲಿ ಒಂದು ಲೆಕ್ಕ ನೆನಪಿರಲಿ. ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ ಮಗುವಿಗೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ವಿಟಮಿನ್ ಎ ಕೊಡುತ್ತಾರೆ. ಮೊದಲ ಡೋಸ್ ಬಿಟ್ಟರೆ ಪ್ರತಿ ಸಲವೂ 2 ಲಕ್ಷ ಯೂನಿಟ್. ಅದು ಯಕೃತ್ತಿನಲ್ಲಿ ಉಳಿಯುತ್ತದೆ. ಅದರ ಮೇಲೆ ಮನೆಯಲ್ಲಿ ದಿನವೂ ಮೀನಿನ ಲಿವರ್ ಎಣ್ಣೆ, ಮಲ್ಟಿವಿಟಮಿನ್ ಸುರಿಯುತ್ತ ಹೋದರೆ ವಿಷವಾಗಬಹುದು. ಏನೇ ಕೊಡುತ್ತಿದ್ದರೂ ಬಾಟಲಿಯನ್ನೇ ಒಯ್ದು ವೈದ್ಯರಿಗೆ ತೋರಿಸಿ.

ಈ ಮಕ್ಕಳ ಊಟದಲ್ಲಿ ನಿಜವಾದ ತೊಂದರೆಯೇ ಬೇರೆ. ಮುದ್ದೆ ಕೈಗೆ ಅಂಟುವುದು, ರೊಟ್ಟಿ ನಾಲಿಗೆಗೆ ಒರಟಾಗುವುದು ಅವರಿಗೆ ಹಿಂಸೆ. ಅದು ಹಠವಲ್ಲ. ಕೊನೆಗೆ ಬಿಳಿ ಅನ್ನ, ಬಿಸ್ಕತ್ತು ಎರಡೇ ಉಳಿಯುತ್ತವೆ. ಹಣ್ಣು ತರಕಾರಿ ಮುಟ್ಟದ ಆಟಿಸಂ ಮಕ್ಕಳಲ್ಲಿ ಸ್ಕರ್ವಿ ಕಾಣಿಸಿಕೊಂಡದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಅದು ವಿಟಮಿನ್ ಸಿ ಇಲ್ಲದೆ ಬರುವ, ಹಿಂದೆ ನಾವಿಕರನ್ನು ಕೊಲ್ಲುತ್ತಿದ್ದ ರೋಗ. ಇಂಥ ಮಗುವಿಗೆ ಬೈದು ತುರುಕಬಾರದು. ಒಪ್ಪಿದ ಅನ್ನದ ಪಕ್ಕದಲ್ಲೇ ಚಿಟಿಕೆಯಷ್ಟು ಹೊಸದನ್ನು ಇಡಿ. ಮುಟ್ಟದಿದ್ದರೆ ನಾಳೆ ಮತ್ತೆ ಇಡಿ. ಮುದ್ದೆ ಒಲ್ಲದ ಮಗು ತೆಳ್ಳಗಿನ ರಾಗಿ ಅಂಬಲಿ ಕುಡಿದೀತು. ರಾತ್ರಿಯೆಲ್ಲ ಕಾಲು ಒದೆದು ಹೊರಳಾಡುತ್ತಿದ್ದರೆ ರಕ್ತದಲ್ಲಿ ಕಬ್ಬಿಣಾಂಶ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ. ಕಡಿಮೆಯಿದ್ದರೆ ಅಲ್ಲಿ ಔಷಧಿಗೆ ನಿಜವಾಗಿ ಕೆಲಸವಿದೆ.

ಇನ್ನೊಂದು ಮಾತು. ಮನೆಯಲ್ಲಿ ಕನ್ನಡ, ಹೊರಗೆ ತೆಲುಗು, ಅದಕ್ಕೇ ಮಾತು ತಡ ಎಂದು ಗಡಿಯ ಊರುಗಳಲ್ಲಿ ಸಮಾಧಾನ ಹೇಳುತ್ತಾರೆ. ಎರಡು ಭಾಷೆಯಿಂದ ಆಟಿಸಂ ಬರುವುದಿಲ್ಲ, ಹೆಚ್ಚುವುದೂ ಇಲ್ಲ. ಆ ಸಮಾಧಾನದಲ್ಲಿ ವರ್ಷ ಕಳೆಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಮಕ್ಕಳ ತಪಾಸಣೆಗೆ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಯಾವ ದಿನ ಬರುತ್ತದೆ ಎಂದು ಕೇಳಿಟ್ಟುಕೊಂಡು ಮಗುವನ್ನು ಕರೆದೊಯ್ಯಿರಿ. ಆ ತಪಾಸಣೆಗೆ ಹಣ ಕೊಡಬೇಕಿಲ್ಲ.