ಮಣ್ಣೆತ್ತು ಯಾಕ ಬಿರಿತೈತಿ?

ಗದಗದಿಂದ ಹುಬ್ಬಳ್ಳಿ ರಸ್ತೆ ಹಿಡಿದರೆ ಸಿಗುವ ಹುಲಕೋಟಿಯ ಸುತ್ತಲೂ ಎರೆಭೂಮಿ. ಹತ್ತಿ, ಜೋಳ, ಕಡಲೆ, ಉಳ್ಳಾಗಡ್ಡಿ ಬೆಳೆಯುವ ಈ ಕರಿಮಣ್ಣಿನಲ್ಲೇ ಮಕ್ಕಳು ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುತ್ತಾರೆ. ಒಣಗಿದ ಮೇಲೆ ಎಷ್ಟೋ ಎತ್ತುಗಳ ಕೊರಳಲ್ಲಿ, ಕಾಲಿನ ಬುಡದಲ್ಲಿ ಬಿರುಕು ಮೂಡುತ್ತದೆ. ಯಾಕ ಬಿರಿತೈತಿ ಎಂದು ಕೇಳದ ಮಗು ಇಲ್ಲ. ನಾಲ್ಕು, ಐದನೆಯ ತರಗತಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಹುಡುಕಬೇಕಾಗಿಲ್ಲ.

ಪ್ರಾಜೆಕ್ಟ್ ಎಂದ ಕೂಡಲೇ ಥರ್ಮಾಕೋಲು, ಬಣ್ಣದ ಹಾಳೆ, ಅಂಗಡಿಯಲ್ಲಿ ತೆಗೆಸಿದ ಪ್ರಿಂಟು ಕಣ್ಣಿಗೆ ಬರುತ್ತವೆ. ಅಂಥ ಕೆಲಸ ಹೆಚ್ಚಿನ ಮನೆಗಳಲ್ಲಿ ರಾತ್ರಿ ಕುಳಿತ ಅವ್ವ ಅಪ್ಪನ ಪಾಲಿಗೆ ಬೀಳುತ್ತದೆ. ಮಗು ಅಳೆದು, ಬರೆದಿಟ್ಟು, ಕಾದು ನೋಡಬೇಕಾದ ಕೆಲಸವನ್ನು ಬೇರೆಯವರು ಮಾಡಿಕೊಡಲು ಬರುವುದಿಲ್ಲ. ನನ್ನ ಮಟ್ಟಿಗೆ ಒಳ್ಳೆಯ ಚಟುವಟಿಕೆಯ ಗುರುತು ಅದೇ. ಉತ್ತರ ಮೇಷ್ಟ್ರಿಗೂ ಮುಂಚೆ ಗೊತ್ತಿರದಿದ್ದರೆ ಇನ್ನೂ ಒಳ್ಳೆಯದು.

ಮಣ್ಣಿನ ಕೆಲಸಕ್ಕೆ ತರಗತಿಯನ್ನು ನಾಲ್ಕು ಗುಂಪು ಮಾಡಿ. ಎರೆಮಣ್ಣನ್ನು ಕುಟ್ಟಿ, ಕಲ್ಲು, ಬೇರು ಆರಿಸಿ, ಜರಡಿ ಹಿಡಿದು, ರಾತ್ರಿಯಿಡೀ ನೆನೆಸಿಡಬೇಕು. ಮೊದಲ ಗುಂಪಿಗೆ ಬರೀ ಎರೆಮಣ್ಣು. ಎರಡನೆಯದಕ್ಕೆ ನಾಲ್ಕು ಬಟ್ಟಲು ಎರೆಮಣ್ಣಿಗೆ ಒಂದು ಬಟ್ಟಲು ಉಸುಕು. ಮೂರನೆಯದಕ್ಕೆ ಅಷ್ಟೇ ಮಣ್ಣಿಗೆ ಒಂದು ಹಿಡಿ ಅರಳೆ, ಎಳೆ ಎಳೆಯಾಗಿ ಬಿಡಿಸಿ ನಾದಿದ್ದು. ಹತ್ತಿಯ ಸೀಮೆಯಲ್ಲಿ ಅರಳೆಗೇನು ಬರ! ನಾಲ್ಕನೆಯದಕ್ಕೆ ಕಪ್ಪತಗುಡ್ಡದ ಕಡೆಯಿಂದ ಯಾರಾದರೂ ತಂದುಕೊಟ್ಟ ಕೆಂಪುಮಣ್ಣು. ಉಳಿದದ್ದೆಲ್ಲ ನಾಲ್ಕೂ ಗುಂಪಿಗೆ ಒಂದೇ ಇರಬೇಕು: ನಾದುವ ಹೊತ್ತು, ಹದ, ಒಣಗಿಸುವ ಜಾಗ. ಹಾಗಿದ್ದರೆ ಮಾತ್ರ ಕೊನೆಗೆ ಕಂಡ ವ್ಯತ್ಯಾಸ ಬೆರಕೆಯಿಂದಲೇ ಬಂತು ಎನ್ನಬಹುದು. ಪಾಠದ ಜೀವಾಳ ಇಲ್ಲಿದೆ. ಇದನ್ನು ಮೇಷ್ಟ್ರು ಹೇಳುವುದಕ್ಕಿಂತ, "ಅವರದು ಬಿಸಿಲಾಗ ಇಟ್ಟಾರ್ರಿ" ಎಂದು ಮಕ್ಕಳೇ ತಕರಾರು ತೆಗೆಯುವವರೆಗೆ ಕಾಯುವುದು ಮೇಲು.

ಪ್ರತಿ ಗುಂಪು ಒಂದು ಎತ್ತು ಮಾಡಲಿ, ಜೊತೆಗೆ ಸ್ಕೇಲಿನಷ್ಟು ಅಗಲದ ಒಂದು ಮಣ್ಣಿನ ಪಟ್ಟಿಯನ್ನೂ ಮಾಡಲಿ. ಹಸಿ ಪಟ್ಟಿಯ ಮೇಲೆ ಕಡ್ಡಿಯಿಂದ ಸರಿಯಾಗಿ 10 ಸೆಂ.ಮೀ. ದೂರಕ್ಕೆ ಎರಡು ಗೀರು ಎಳೆಯಬೇಕು. ಪೂರ್ತಿ ಒಣಗಿದ ಮೇಲೆ ಅದೇ ಗೀರುಗಳ ನಡುವೆ ಮತ್ತೆ ಅಳೆದರೆ ದೂರ ಕಡಿಮೆಯಾಗಿರುತ್ತದೆ. 10 ಸೆಂ.ಮೀ. ಎಂದರೆ 100 ಮಿ.ಮೀ.; ಆದ್ದರಿಂದ ಕಡಿಮೆಯಾದ ಪ್ರತಿ ಮಿಲಿಮೀಟರೂ ಶೇಕಡ ಒಂದು. ಶೇಕಡ ಎಂದರೇನು ಎಂಬುದು ಆ ಪಟ್ಟಿಯ ಮೇಲೆಯೇ ಕಾಣುತ್ತದೆ.

ಕಾರಣ ಹೀಗಿದೆ. ಎರೆಮಣ್ಣಿನಲ್ಲಿ ಮಾಂಟ್ಮೊರಿಲೊನೈಟ್ ಎಂಬ ಜೇಡಿ ಖನಿಜದ ಗುಂಪು ಹೆಚ್ಚು. ಅದರ ತೆಳು ಪದರಗಳ ನಡುವೆ ನೀರು ನುಗ್ಗಿದಾಗ ಮಣ್ಣು ಉಬ್ಬುತ್ತದೆ, ನೀರು ಹೋದಾಗ ಕುಗ್ಗುತ್ತದೆ. ಕೆಂಪುಮಣ್ಣಿನ ಜೇಡಿ ಅಷ್ಟು ಉಬ್ಬುವುದಿಲ್ಲ. ಎತ್ತಿನ ಹೊರಮೈ ಬೇಗ ಒಣಗಿ ಕುಗ್ಗುತ್ತಿರುವಾಗ ದಪ್ಪ ಹೊಟ್ಟೆಯ ಒಳಗೆ ಇನ್ನೂ ಹಸಿ ಇರುತ್ತದೆ; ಈ ಎಳೆದಾಟದಲ್ಲಿ ಸಣ್ಣ ಕಾಲು ದೊಡ್ಡ ಮೈಗೆ ಸೇರುವ ಕಡೆ ಬಿರಿಯುತ್ತದೆ. ಉಸುಕು ಕುಗ್ಗುವುದಿಲ್ಲ, ಹಾಗಾಗಿ ಒಟ್ಟು ಕುಗ್ಗುವಿಕೆ ಇಳಿಯುತ್ತದೆ. ಅರಳೆಯ ಎಳೆಗಳು ಬಿರುಕು ಅಗಲವಾಗದಂತೆ ಹಿಡಿದಿಡುತ್ತವೆ. ನೆರಳಲ್ಲಿ ಒದ್ದೆ ಬಟ್ಟೆ ಹೊದಿಸಿ ನಿಧಾನ ಒಣಗಿಸಿದರೆ ಒಳಗೂ ಹೊರಗೂ ಒಂದೇ ಹದದಲ್ಲಿ ಒಣಗುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಾಯಿ ಬಿಡುವುದಕ್ಕೂ, ಎರೆಯ ಮೇಲೆ ಕಟ್ಟಿದ ಮನೆಯ ಗೋಡೆ ಬಿರಿಯುವುದಕ್ಕೂ ಕಾರಣ ಇದೇ. ಮಾರ್ಚ್ ತಿಂಗಳಲ್ಲಿ ಹತ್ತಿರದ ಹೊಲಕ್ಕೆ ಹೋಗಿ ಬಿರುಕಿನೊಳಗೆ ಕಡ್ಡಿ ಇಳಿಸಿ ಆಳ ಅಳೆದು ಬಂದರೆ ಜೂನ್‌ನಲ್ಲಿ ಶುರುವಾದ ಪಾಠಕ್ಕೆ ಮುಂದಿನ ಭಾಗ ಸಿಗುತ್ತದೆ.

ಉತ್ತರ ಕರ್ನಾಟಕದ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ. ಮಣ್ಣೆತ್ತಿನ ನಂತರ ಆಷಾಢದ ಮಂಗಳವಾರಗಳಂದು ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ, ಆಮೇಲೆ ಜೋಕುಮಾರ, ಎಲ್ಲವೂ ಮಣ್ಣಿನವೇ. ಮೊದಲ ಸಲ ಸೋತ ಗುಂಪು ಬೆರಕೆ ಬದಲಿಸಿ ಮತ್ತೆ ನೋಡಲು ಹಬ್ಬಗಳೇ ಸರದಿ ಕೊಡುತ್ತವೆ. ಮನೆಯಲ್ಲಿ ಈ ಪೂಜೆ ಇಲ್ಲದ ಮಕ್ಕಳೂ ತರಗತಿಯಲ್ಲಿರುತ್ತಾರೆ. ಅವರು ಆಡೋ ಆಮೆಯೋ ಮಾಡಲಿ, ಅಳತೆ ಎಲ್ಲರಿಗೂ ಒಂದೇ.

ಮಣ್ಣಿನ ಹಾಗೆಯೇ ಮಳೆಯನ್ನೂ ಮಕ್ಕಳು ಅಳೆಯಬಹುದು. ಅದಕ್ಕೆ ಬೇಕಾದದ್ದು ನೆಟ್ಟಗಿನ ಮೈಯ ಒಂದು ಪ್ಲಾಸ್ಟಿಕ್ ಬಾಟಲಿ. ಕತ್ತು ಸಣ್ಣದಾಗತೊಡಗುವ ಕಡೆ ದೊಡ್ಡವರು ಕತ್ತರಿಸಿಕೊಟ್ಟು, ಮೇಲಿನ ತುಂಡನ್ನು ಬೋರಲಾಗಿ ಒಳಗಿಟ್ಟರೆ ಅದೇ ಲಾಳಿಕೆ. ತಳ ಉಬ್ಬುತಗ್ಗಾಗಿರುವುದರಿಂದ ಹರಳು ತುಂಬಿ, ಮೈ ನೆಟ್ಟಗಾಗುವ ಮಟ್ಟಕ್ಕೆ ನೀರು ಹಾಕಿ ಅಲ್ಲಿ ಸೊನ್ನೆ ಗುರುತು ಮಾಡಿ, ಅದರ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಬೇಕು. ಗೋಡೆ, ಗಿಡಗಳಿಂದ ದೂರ ಬಯಲಲ್ಲಿ, ಗಾಳಿಗೆ ಬೀಳದಂತೆ ಇಟ್ಟು, ದಿನವೂ ಒಂದೇ ಹೊತ್ತಿಗೆ, ಪ್ರಾರ್ಥನೆಗೆ ಮೊದಲು, ಓದಿ ಬರೆಯಬೇಕು. ಓದಿದ ಮೇಲೆ ನೀರನ್ನು ಮತ್ತೆ ಸೊನ್ನೆಗೆ ತರಬೇಕು. ಇದನ್ನು ಮರೆತರೆ ಮರುದಿನದ ಲೆಕ್ಕ ಕೆಡುತ್ತದೆ.

ಮಳೆ ಬರೆಯುವ ಪುಸ್ತಕದಲ್ಲಿ ತಾರೀಖಿನ ಪಕ್ಕದಲ್ಲೇ ಮಳೆ ನಕ್ಷತ್ರದ ಹೆಸರೂ ಇರಲಿ: ರೋಹಿಣಿ, ಮಿರಗ, ಆರಿದ್ರಾ. ಒಂದೊಂದು ಹದಿಮೂರು ಹದಿನಾಲ್ಕು ದಿನದ ಲೆಕ್ಕ. ಯಾವ ಮಳೆಗೆ ಹೆಸರು ಬಿತ್ತುತ್ತಾರೆ, ಯಾವ ಮಳೆ ನೋಡಿ ಹಿಂಗಾರಿ ಜೋಳಕ್ಕೆ ಅಣಿಯಾಗುತ್ತಾರೆ ಎಂದು ಮಕ್ಕಳು ಮನೆಯ ಮುತ್ಯಾನನ್ನು ಕೇಳಿ ಬರೆದುಕೊಂಡು ಬರಬೇಕು. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆಯ ಜಿಲ್ಲೆಯಲ್ಲಿ ಈ ಲೆಕ್ಕಕ್ಕೆ ಮನೆಯಲ್ಲಿ ಬೆಲೆಯಿದೆ. ಮುಂದೆ ಗುಣಾಕಾರ: ಒಂದು ಚದರ ಮೀಟರ್ ಮೇಲೆ ಬಿದ್ದ 1 ಮಿ.ಮೀ. ಮಳೆ ಎಂದರೆ 1 ಲೀಟರ್ ನೀರು. ಕೋಣೆಯ ಮಾಳಿಗೆ 10 ಮೀಟರ್ ಉದ್ದ, 6 ಮೀಟರ್ ಅಗಲವಿದ್ದು 10 ಮಿ.ಮೀ. ಮಳೆ ಬಂದರೆ 600 ಲೀಟರ್. ಹದಿನೈದು ಲೀಟರಿನ ನಲವತ್ತು ಕೊಡ. ಅದೆಲ್ಲ ಎಲ್ಲಿಗೆ ಹರಿದುಹೋಯಿತು ಎಂದು ಮಕ್ಕಳು ಕೇಳುತ್ತಾರೆ. ಹುಲಕೋಟಿಯಲ್ಲೇ ಕೆ.ಎಚ್. ಪಾಟೀಲ ಕೃಷಿ ವಿಜ್ಞಾನ ಕೇಂದ್ರವಿದೆ. ಮಕ್ಕಳು ತಮ್ಮ ಮಳೆಪುಸ್ತಕ, ಮಣ್ಣಿನ ಪಟ್ಟಿಗಳನ್ನು ಹಿಡಿದು ಪ್ರಶ್ನೆಗಳ ಸಮೇತ ಅಲ್ಲಿಗೆ ಹೋಗಲಿ. ಬರಿಗೈಲಿ ಹೋದ ಭೇಟಿಗಿಂತ ಅದು ಹೆಚ್ಚು ಕಲಿಸುತ್ತದೆ.

ಚಳಿಗಾಲಕ್ಕೆ ಶಿರಹಟ್ಟಿ ಕಡೆಯ ಮಾಗಡಿ ಕೆರೆ ಇದೆ. ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುವ ಈ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹಕ್ಕಿಗಳ ಒಂದು ಹತ್ತನ್ನು ಎಣಿಸಿ, ಅಷ್ಟೇ ಜಾಗ ಹಿಡಿಯುವ ಹತ್ತುಗಳನ್ನು ಕಣ್ಣಲ್ಲೇ ಸೇರಿಸುತ್ತ ಹೋಗುವ ಅಂದಾಜಿನ ವಿದ್ಯೆ ಅಲ್ಲಿ ದಂಡೆಯ ಮೇಲೆ ಕುಳಿತು ಕಲಿಯುವಂಥದ್ದು.

ಮಕ್ಕಳ ಸಂತೆ, ಮೆಟ್ರಿಕ್ ಮೇಳ ನಮ್ಮ ಸರಕಾರಿ ಶಾಲೆಗಳಿಗೆ ಹೊಸದಲ್ಲ. ತೂಕ, ಚಿಲ್ಲರೆ ಕಲಿಸಲು ಅವು ಚೆನ್ನ, ಆದರೆ ಒಂದೇ ದಿನದಲ್ಲಿ ಮುಗಿಯುತ್ತವೆ. ಅದಕ್ಕಿಂತ ಉದ್ದದ ಪಾಠಕ್ಕೆ ಮಾದರಿ ಹತ್ತಿರದಲ್ಲೇ ಇದೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಹುಲಕೋಟಿಯ ಕೆ.ಎಚ್. ಪಾಟೀಲರೂ ಸಹಕಾರಕ್ಕೇ ಹೆಸರಾದವರು. ಇಂಥ ನೆಲದಲ್ಲಿ ತರಗತಿಗೊಂದು ಸಂಘ ವರ್ಷವಿಡೀ ನಡೆಯಬೇಕು. ಮೂವತ್ತು ಮಕ್ಕಳು ತಲಾ 10 ರೂಪಾಯಿ ಪಾಲು ಹಾಕಿದರೆ ಬಂಡವಾಳ 300 ರೂಪಾಯಿ. ಗದಗದ ಸಗಟು ಅಂಗಡಿಯಿಂದ ಪೆನ್ಸಿಲ್, ರಬ್ಬರ್, ನೋಟ್‌ಬುಕ್ ತಂದು, ಬಿಡುವಿನ ವೇಳೆಯಲ್ಲಿ ಮಾರಿ, ಜಮಾ ಖರ್ಚು ಬರೆಯುವುದು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ತಿಂಗಳಿಗೊಮ್ಮೆ ಬದಲಾಗಲಿ. ಹಣದ ವಿಷಯವಾದ್ದರಿಂದ ಮೊದಲೇ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಒಪ್ಪಿಗೆ ಪಡೆಯಬೇಕು. ಹಣ ಬೇಡವೆನಿಸಿದರೆ ಹುಣಸೆಬೀಜವೇ ನಾಣ್ಯ, ಮಕ್ಕಳು ಮಾಡಿದ ಸಾಮಾನೇ ಸರಕು.

ಉದ್ರಿ ಕೊಡಬೇಕೋ ಬೇಡವೋ ಎಂಬ ಪ್ರಶ್ನೆ ಒಂದೆರಡು ವಾರದಲ್ಲಿ ಬಂದೇ ಬರುತ್ತದೆ. ಅಲ್ಲಿ ಮೇಷ್ಟ್ರು ತೀರ್ಪು ಕೊಡಬಾರದು. ಸಭೆ ಕರೆದು, ಮಕ್ಕಳೇ ಕಟ್ಟಳೆ ಮಾಡಿ ಗೋಡೆಗೆ ಹಚ್ಚಲಿ. ಮಾರ್ಚ್‌ನಲ್ಲಿ ಲೆಕ್ಕ ಮುಗಿಸಿ, ಬಾಕಿ ವಸೂಲು ಮಾಡಿ, ಪಾಲಿನ ಹಣ ಮರಳಿಸಿ, ಲಾಭವನ್ನು ಮೂವತ್ತರಿಂದ ಭಾಗಿಸಬೇಕು. ಭಾಗಿಸಿ ಉಳಿದ ಶೇಷ ಯಾರದು ಎಂಬುದನ್ನೂ ಸಂಘವೇ ತೀರ್ಮಾನಿಸಲಿ.